ಮನೆಯ ಗಾನಭಂಡಾರ

ಸಂಗೀತವನ್ನು ಕೇಳುವ ಬಗೆಯು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ೧೯೦೨ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವು ಧ್ವನಿಮುದ್ರಿತವಾಯಿತು. ಅದರ ತರುವಾಯ, ಗಾಯಕರು ಎದುರಿಗಿಲ್ಲದೆಯೂ ಗಾನವನ್ನು ಕೇಳುವ ಭಾಗ್ಯವು ನಮ್ಮ ದೇಶದ ಜನರಿಗೆ ಒದಗಿತು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಪಕ್ಕದಲ್ಲಿ ಸುಮಾರು ಮೂರು ನಿಮಿಷಗಳ ಹಾಡು ಮಾತ್ರ ಹಿಡಿಸುತ್ತಿತ್ತು. ಮುಂದೆ ರೇಡಿಯೋ ಬಂದಿತು, ಕ್ಯಾಸೆಟ್ಟು ಬಂದಿತು. ೧೯೭೮ರಲ್ಲಿ ‘ನಿತ್ಯೋತ್ಸವ’ವು ಕ್ಯಾಸೆಟ್ಟಾಗಿ ಹೊರಬಂದು ಕನ್ನಡ ಭಾವಗೀತೆಯನ್ನು ಮನೆಮನೆಗೆ ಒಯ್ದಿತು. ಇಂದಾದರೋ ಹಾಡು ಅಂಗೈಯೊಳಗಿನ ಫೋನಿನಲ್ಲಿ ಬಂದು ಕುಳಿತಿದೆ. ಇದು ಸಂತೋಷದ ಸಂಗತಿಯೇ. ಆದರೆ ಆ ಹಾಡಿನ ಒಡೆತನ ಯಾರದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿದ್ದೇವೆಯೆ?

ಬಹುಪಾಲು ಜನರು ತಿಂಗಳ ಶುಲ್ಕವನ್ನು ತೆತ್ತು, ಇಲ್ಲವೆ ಜಾಹೀರಾತುಗಳನ್ನು ಸಹಿಸಿಕೊಂಡು, ಕಂಪನಿಗಳ ಉಗ್ರಾಣದಿಂದ ಹಾಡುಗಳನ್ನು ಕೇಳುತ್ತಾರೆ. ಇದು ಬಾಡಿಗೆಯ ಮನೆಯ ವಾಸವಿದ್ದಂತೆ. ವಾಸಕ್ಕೆ ಅಡ್ಡಿಯಿಲ್ಲ, ಆದರೆ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಒಡೆಯನ ಅಪ್ಪಣೆ ಬೇಕು. ಗೂಗಲ್ ಸಂಸ್ಥೆಯು ತನ್ನ ‘ಪ್ಲೇ ಮ್ಯೂಸಿಕ್’ ಎಂಬ ಸೇವೆಯಲ್ಲಿ ಒಬ್ಬೊಬ್ಬರಿಗೂ ೫೦,೦೦೦ ಸ್ವಂತ ಹಾಡುಗಳನ್ನು ಇಟ್ಟುಕೊಳ್ಳಲು ಎಡೆಗೊಟ್ಟಿತ್ತು. ೨೦೨೦ರಲ್ಲಿ ಆ ಸೇವೆಯೇ ನಿಂತುಹೋಯಿತು. ಹಾಡುಗಳನ್ನು ಬೇರೆಡೆಗೆ ಸಾಗಿಸಿಕೊಳ್ಳಲು ಅವಧಿಯನ್ನೇನೋ ಕೊಟ್ಟರು. ಆದರೆ ಗಂಟುಮೂಟೆ ಕಟ್ಟುವ ದಿನವನ್ನು ಗೊತ್ತುಮಾಡಿದವರು ಹಾಡಿನ ಒಡೆಯರಲ್ಲ, ಉಗ್ರಾಣದ ಒಡೆಯರು.

ಆದುದರಿಂದ ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ಒಂದು ಸ್ವಂತ ಗಾನಭಂಡಾರವಿರಬೇಕು, ಅದರಿಂದ ಮನೆಯವರು ಎಲ್ಲಿದ್ದರೂ ತಮ್ಮ ಫೋನಿನಲ್ಲಿ ಹಾಡು ಕೇಳುವಂತಾಗಬೇಕು ಎಂಬುದು ನಮ್ಮ ಅಭಿಪ್ರಾಯ.

ಇದೇನೂ ಅಸಾಧ್ಯವಾದ ಕಾರ್ಯವಲ್ಲ. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರೊಂದು ಇದಕ್ಕೆ ಸಾಕು. ಅದರಲ್ಲಿ ಹಾಡುಗಳನ್ನು ತುಂಬಿ, ನ್ಯಾವಿಡ್ರೋಮ್ ಅಥವಾ ಜೆಲ್ಲಿಫಿನ್ ಎಂಬಂತಹ, ಬೆಲೆಯಿಲ್ಲದೆ ದೊರೆಯುವ ತಂತ್ರಾಂಶವನ್ನು ಸ್ಥಾಪಿಸಬೇಕು. ಫೋನು ಹಾಡನ್ನು ಬೇಡುತ್ತದೆ. ಮನೆಯ ಯಂತ್ರವು ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಕಳುಹಿಸುತ್ತದೆ. ಹಾಡು ಪೂರ್ತಿ ಬರುವತನಕ ಕಾಯಬೇಕಾದುದಿಲ್ಲ. ಕೊಡ ತುಂಬುವ ಮೊದಲೇ ನಲ್ಲಿಯ ನೀರಿಗೆ ಬೊಗಸೆಯೊಡ್ಡಿ ಕುಡಿಯುವಂತೆ, ಬಂದಷ್ಟನ್ನು ಕೇಳುತ್ತಿರುವಾಗಲೇ ಮುಂದಿನದು ಬಂದು ಸೇರುತ್ತಿರುತ್ತದೆ.

ಲೆಕ್ಕವನ್ನೂ ಮಾಡಿ ನೋಡೋಣ. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಎಂಪಿ೩ ರೂಪದ ಒಂದು ಗಂಟೆಯ ಸಂಗೀತವು ೫೮ ಮೆಗಾಬೈಟುಗಳ ಒಳಗೇ ಮುಗಿಯುತ್ತದೆ. ಸಿ.ಡಿ.ಯ ಪೂರ್ಣ ಗುಣವನ್ನು ಬಯಸಿದರೆ ಅದೇ ಒಂದು ಗಂಟೆಗೆ ಸುಮಾರು ೬೩೫ ಮೆಗಾಬೈಟುಗಳು ಬೇಕು. ಆದುದರಿಂದ ಮನೆಯಲ್ಲಿ ಪೂರ್ಣ ಗುಣದ ಪ್ರತಿಯನ್ನು ಇರಿಸಿ, ದಾರಿಯಲ್ಲಿರುವಾಗ ಕಿರಿದಾಗಿಸಿ ಕಳುಹಿಸುವಂತೆ ಯಂತ್ರಕ್ಕೆ ಹೇಳಿಡುವುದು ಜಾಣತನ. ಲೋಕಲ್ ಗಾಡಿಯಲ್ಲಿ ಜಾಲವು ಕಡಿದುಹೋಗುವುದುಂಟು. ಅಂತಹ ಪ್ರಯಾಣಕ್ಕೆ ಬೇಕಾದ ನಾಲ್ಕು ಹಾಡುಗಳನ್ನು ಹೊರಡುವ ಮೊದಲೇ ಫೋನಿಗೆ ಇಳಿಸಿಕೊಳ್ಳಬಹುದು.

“ಎಲ್ಲ ಹಾಡುಗಳೂ ಕಂಪನಿಗಳಲ್ಲಿ ದೊರೆಯುತ್ತಿರುವಾಗ ಇಷ್ಟೊಂದು ಶ್ರಮವೇಕೆ?” ಎಂದು ಕೆಲವರು ಕೇಳಬಹುದು. ಎಲ್ಲ ಹಾಡುಗಳೂ ದೊರೆಯುತ್ತವೆ ಎಂಬ ಮಾತೇ ನಿಜವಲ್ಲ. ಮಲ್ಲಿಕಾರ್ಜುನ ಮನ್ಸೂರರ ರಾಗಗಳೂ ಭೀಮಸೇನ ಜೋಶಿಯವರ ದಾಸರ ಪದಗಳೂ ಅಲ್ಲಿ ದೊರೆತಾವು. ಆದರೆ ಮುಂಬಯಿಯ ನಮ್ಮ ಮನೆಗಳ ಟ್ರಂಕುಗಳಲ್ಲಿ ಇನ್ನೂ ಬೇರೆ ಇವೆ. ಕರಾವಳಿಯಿಂದ ಬಂದವರ ಮನೆಯಲ್ಲಿ ರಾತ್ರಿಯಿಡೀ ನಡೆದ ತಾಳಮದ್ದಳೆಯ ಕ್ಯಾಸೆಟ್ಟುಗಳುಂಟು. ಬಯಲುಸೀಮೆಯವರ ಮನೆಯಲ್ಲಿ ಅಜ್ಜಿ ಹೇಳಿದ ಬೀಸುವ ಪದಗಳುಂಟು. ಮದುವೆಯ ಮನೆಯಲ್ಲಿ ಹಿಡಿದಿಟ್ಟ ಸೋಬಾನೆ ಹಾಡುಗಳುಂಟು. ಹಾಡಿದವರಲ್ಲಿ ಅನೇಕರು ಇಂದು ಇಲ್ಲ. ಇವನ್ನು ಯಾವ ಕಂಪನಿಯೂ ಮಾರುವುದಿಲ್ಲ; ಕಳೆದುಹೋದರೆ ಯಾವ ಅಂಗಡಿಯಲ್ಲಿಯೂ ಕೊಳ್ಳಲು ಸಿಕ್ಕುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿಯೂ ಸಲ್ಲುತ್ತಿರುವುದು ವಿಷಾದದ ಸಂಗತಿ.

ಕ್ಯಾಸೆಟ್ಟಿನ ಆಯುಸ್ಸು ಬಹಳವಿಲ್ಲ. ಈ ನಗರದ ಮಳೆಗಾಲದ ತೇವಕ್ಕೆ ಅದರ ನಾಡಿಗೆ ಬೂಷ್ಟು ಹಿಡಿಯುತ್ತದೆ, ಧ್ವನಿಯು ಮಂಕಾಗುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಆದುದರಿಂದ ಯಂತ್ರವು ನಡೆಯುತ್ತಿರುವಾಗಲೇ ಅದರಿಂದ ಕಂಪ್ಯೂಟರಿಗೆ ತಂತಿಯನ್ನು ಜೋಡಿಸಿ, ಆಡಾಸಿಟಿಯಂತಹ ತಂತ್ರಾಂಶದಿಂದ ಧ್ವನಿಯನ್ನು ಇಳಿಸಿಕೊಳ್ಳಬೇಕು. ಅರವತ್ತು ನಿಮಿಷಗಳ ಕ್ಯಾಸೆಟ್ಟಿಗೆ ಅರವತ್ತು ನಿಮಿಷಗಳೇ ಬೇಕು, ಇಲ್ಲಿ ಅಡ್ಡದಾರಿಯಿಲ್ಲ. ಆದರೆ ಆ ಒಂದು ಗಂಟೆ ವ್ಯರ್ಥವಲ್ಲ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳಿದರೆ, ಈ ದನಿ ಯಾರದು, ಈ ಪದವನ್ನು ಯಾವಾಗ ಹಾಡುತ್ತಿದ್ದರು, ಈ ಮಾತಿನ ಅರ್ಥವೇನು ಎಂಬುದೆಲ್ಲ ತಿಳಿದುಬರುತ್ತದೆ. ತಿಳಿದುದನ್ನು ಹಾಡಿನ ಹೆಸರಿನೊಡನೆ, ಹಾಡಿದವರ ಹೆಸರು, ಊರು, ವರ್ಷಗಳೊಡನೆ, ಕನ್ನಡ ಲಿಪಿಯಲ್ಲಿಯೇ ಬರೆದಿಡಬೇಕು. ಹೆಸರಿಲ್ಲದ ಸಾವಿರ ಹಾಡುಗಳ ರಾಶಿಯು ಭಂಡಾರವಲ್ಲ, ಕೇವಲ ಮೂಟೆ.

ಇದರಲ್ಲಿ ತೊಡಕುಗಳಿಲ್ಲವೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ವಿದ್ಯುತ್ತು ಹೋದರೆ ಹಾಡೂ ನಿಲ್ಲುತ್ತದೆ. ಯಂತ್ರದ ಡಿಸ್ಕು ಒಂದು ದಿನ ಕೆಡುವುದು ನಿಶ್ಚಯ. ಆದುದರಿಂದ ಇನ್ನೊಂದು ಪ್ರತಿಯನ್ನು ಬೇರೊಂದು ಸ್ಥಳದಲ್ಲಿ, ಊರಿನ ನೆಂಟರ ಮನೆಯಲ್ಲಾದರೂ ಇಟ್ಟಿರಬೇಕು. ಮನೆಯ ಯಂತ್ರದ ಬಾಗಿಲನ್ನು ಜಗತ್ತಿಗೆಲ್ಲ ತೆರೆದಿಡುವುದು ಅಪಾಯಕರ. ವೈರ್‌ಗಾರ್ಡ್‌ನಂತಹ ಗುಪ್ತಮಾರ್ಗದ ಏರ್ಪಾಡಿನಿಂದ ಮನೆಯವರ ಫೋನುಗಳಿಗೆ ಮಾತ್ರ ಪ್ರವೇಶ ಕೊಡಬೇಕು. ತಿಳಿದವರ ನೆರವಿಲ್ಲದೆ ಈ ಕೆಲಸಕ್ಕೆ ಕೈಹಾಕಲಾಗದು. ಕಾನೂನಿನ ಮಾತೂ ಉಂಟು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ಖಾಸಗಿ ಉಪಯೋಗಕ್ಕಾಗಿ ನಡೆಯುವ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ಪ್ರಕಟಿತ ಧ್ವನಿಮುದ್ರಣಗಳ ಮೇಲಿನ ಹಕ್ಕನ್ನು ೬೦ ವರ್ಷಗಳ ಕಾಲ ಕಾಯುತ್ತದೆ. ಕೊಂಡ ಹಾಡನ್ನು ನಾವು ಕೇಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಕಲಾವಿದನ ಅನ್ನವನ್ನು ಕಸಿದು ಬೆಳೆಸಿದ ಭಂಡಾರವು ಮನೆಗೆ ಶೋಭೆಯಲ್ಲ.

ಬಾಲಕ ಬಾಲಕಿಯರೆ, ನಾವು ನಾಡಿನಿಂದ ದೂರ ಬಂದು ನೆಲೆಸಿದವರು. ನಮ್ಮ ಸುತ್ತ ಮರಾಠಿಯುಂಟು, ಹಿಂದಿಯುಂಟು, ಇಂಗ್ಲಿಷುಂಟು. ಅವೆಲ್ಲವೂ ಗೌರವಕ್ಕೆ ಅರ್ಹವಾದ ಭಾಷೆಗಳೇ. ಆದರೆ ಅಜ್ಜಿಯ ದನಿಯಲ್ಲಿರುವ ಕನ್ನಡವನ್ನು ಆ ಭಾಷೆಗಳವರು ಬಂದು ಉಳಿಸಿಕೊಡಲಾರರು. ಹಿರಿಯರಲ್ಲಿ ಹಾಡುಗಳಿವೆ, ಯಂತ್ರದ ಪರಿಚಯವಿಲ್ಲ. ನಿಮ್ಮಲ್ಲಿ ಯಂತ್ರದ ಪರಿಚಯವಿದೆ, ಹಾಡುಗಳಿಲ್ಲ. ಇವೆರಡೂ ಒಂದೇ ಮನೆಯಲ್ಲಿ ಇರುವ ಕಾಲವು ದೀರ್ಘವಲ್ಲ. ಬರುವ ರಜೆಯಲ್ಲಿ ಒಂದೇ ಒಂದು ಕ್ಯಾಸೆಟ್ಟಿನಿಂದಲಾದರೂ ಈ ಕಾರ್ಯವನ್ನು ಆರಂಭಿಸಿರಿ.