ಮೂರನೆಯ ತಂತಿ

ವಾಚಕರೇ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗಲಾಟೆ ಅಡಗಿದ್ದ ಒಂದು ಬೇಸಗೆಯ ದಿನ ನನ್ನ ಸೊಸೆಯು ಹಿಟ್ಟು ರುಬ್ಬುವ ಯಂತ್ರವನ್ನು ಮುಟ್ಟಿ ಥಟ್ಟನೆ ಕೈ ಹಿಂದೆಗೆದಳು. “ಮಾವಾರ, ಕೈ ಜುಮ್ ಅಂತರೀ” ಎಂದಳು. ನೋಡಲಾಗಿ, ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯೇ ಇರಲಿಲ್ಲ. ಎರಡು ರಂಧ್ರದ ಸಾಕೆಟ್ಟಿಗೆ ಹೊಂದಲೆಂದು ಅದನ್ನು ಕಿತ್ತವನು ನಾನೇ.

ಎರಡು ತಂತಿಗಳಿಂದ ಕೆಲಸ ನಡೆಯುವಾಗ ಮೂರನೆಯದನ್ನು ಮಣ್ಣಿನಲ್ಲಿ ಹೂಳುವುದೇಕೆ? ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟಿನ ಒತ್ತಡವನ್ನು ತಗ್ಗಿಸಿ ಮನೆಗೆ ಸುಮಾರು 230 ವೋಲ್ಟನ್ನು ಕೊಡುತ್ತದೆ. ಅದರ ನ್ಯೂಟ್ರಲ್ ತುದಿಯನ್ನು ಅಲ್ಲಿಯೇ ಭೂಮಿಗೆ ಜೋಡಿಸಿರುತ್ತಾರೆ. ಹಾಗೆ ಜೋಡಿಸದೆ ಇದ್ದಲ್ಲಿ, ಮೇಲಿನ ಸುರುಳಿಯು ಕೆಳಗಿನದಕ್ಕೆ ತಾಗಿದಾಗ ಸಾವಿರಾರು ವೋಲ್ಟು ಅಡುಗೆಮನೆಯೊಳಕ್ಕೆ ನುಗ್ಗಬಹುದು. ಇನ್ನು ಯಂತ್ರದೊಳಗಿನ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಗುಲಿದರೆ, ಆ ಪ್ರವಾಹಕ್ಕೆ ಮೂರನೆಯ ತಂತಿಯು ಮರುದಾರಿಯಾಗುತ್ತದೆ. ಅದಿಲ್ಲದಾಗ ಮುಟ್ಟಿದವರ ದೇಹವೇ ದಾರಿಯಾಗುವುದು.

ಅಮರಕೋಶದಲ್ಲಿ ಭೂಮಿಗೆ ಸರ್ವಂಸಹಾ ಎಂಬ ಹೆಸರುಂಟು. ಆಕೆ ವಿದ್ಯುತ್ತನ್ನೂ ನುಂಗಿಬಿಡುವಳೆಂದು ನಾನು ತಿಳಿದಿದ್ದೆನು. ಅದು ತಪ್ಪು. ಪ್ರವಾಹವು ತಾನು ಹೊರಟ ಟ್ರಾನ್ಸ್‌ಫಾರ್ಮರಿಗೇ ಮರಳುವುದು. ಭೂಮಿಯು ದಾರಿ ಮಾತ್ರ. ಆ ದಾರಿಯೂ ಅಷ್ಟೇನೂ ಸುಗಮವಲ್ಲ. ಒಟ್ಟು ತಡೆಯು 10 ಓಮ್ ಇದ್ದರೆ 230 ವೋಲ್ಟಿಗೆ 23 ಆಂಪಿಯರು ಹರಿಯುತ್ತದೆ. 32 ಆಂಪಿಯರಿನ ಫ್ಯೂಜು ಅಷ್ಟಕ್ಕೆ ಕರಗದು. ಆದುದರಿಂದಲೇ ಆರ್‌ಸಿಸಿಬಿ ಎಂಬ ಉಪಕರಣವೂ ಮನೆಯಲ್ಲಿರಬೇಕು. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 30 ಮಿಲಿಆಂಪಿಯರಿನ ಅಂತರ ಬಿದ್ದರೆ ಸಾಕು, ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ.

ಭೂಮಿಯ ಗುಂಡಿಯನ್ನೂ ಮರೆಯಲಾಗದು. ತೇವವಿದ್ದ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ನಮ್ಮ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉತ್ತಮವಾದರೂ ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಕೊಳವೆಯ ಸುತ್ತಲೂ ಇದ್ದಿಲು, ಉಪ್ಪು ತುಂಬುವುದು ತೇವವನ್ನು ಹಿಡಿದಿಡಲೆಂದೇ. ತುಳಸಿಗೆ ನೀರೆರೆಯುವಾಗ ಒಂದು ಕೊಡವನ್ನು ಆ ಗುಂಡಿಗೂ ಹಾಕಿದರೆ ಒಳಿತು.

ಮರುದಿನವೇ ನಾನು ಬಲ್ಲವರನ್ನು ಕರೆಯಿಸಿ ಯಂತ್ರವನ್ನು ರಿಪೇರಿ ಮಾಡಿಸಿ, ಮೂರು ರಂಧ್ರದ ಸಾಕೆಟ್ಟನ್ನೂ ಆರ್‌ಸಿಸಿಬಿಯನ್ನೂ ಹಾಕಿಸಿದೆನು. ಆ ದಪ್ಪ ಕಡ್ಡಿಯು ಉಳಿದೆರಡಕ್ಕಿಂತ ಉದ್ದವಾಗಿರುವುದು ಎಲ್ಲಕ್ಕೂ ಮೊದಲು ಕೂಡಿ ಕಡೆಗೆ ಬಿಡಲೆಂದು ಅವರು ತೋರಿಸಿಕೊಟ್ಟರು. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ತಪ್ಪು ತಿದ್ದಿದ ನನಗೆ ಈ ಪಾಠ ತಡವಾಗಿ ಬಂದಿತು. ಸೊಸೆಯ ಕೈಯಲ್ಲಿ ಜುಮ್ಮೆಂದಷ್ಟಕ್ಕೆ ನಿಂತುದು ದೈವಕೃಪೆ. ವಾಚಕರು ಇಂದೇ ತಮ್ಮ ಮನೆಯ ಪ್ಲಗ್ಗುಗಳನ್ನೊಮ್ಮೆ ನೋಡಿಕೊಳ್ಳಬೇಕೆಂದು ನನ್ನ ಬಿನ್ನಹ.