ಬೆಂಗಳೂರಿನ ಹಿರಿಯರಿಗೆ ಚರಂಡಿಯೇ ಗತಿಯೇ?

ಬೆಂಗಳೂರಿನ ಹುಟ್ಟಿಗೆ 1537 ಎಂಬ ಇಸವಿ ಹಚ್ಚಿ ಕೈತೊಳೆದುಕೊಳ್ಳುವ ಅಭ್ಯಾಸ ನಮಗಿದೆ. ಕೋಟೆ, ಪೇಟೆ ಕಟ್ಟಿದ ಕೆಂಪೇಗೌಡರ ಹಿರಿಮೆ ಪ್ರಶ್ನಾತೀತ. ಆದರೆ ಅವರಿಗಿಂತ ಶತಮಾನಗಳ ಮೊದಲೇ ಇಲ್ಲಿ ಜನ ಉತ್ತು ಬಿತ್ತಿ ಬಾಳಿದ್ದಾರೆ, ಕಾದಾಡಿ ಮಡಿದಿದ್ದಾರೆ. ಅವರಲ್ಲಿ ಕೆಲವರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಅವರನ್ನು ಈ ನಗರ ನಡೆಸಿಕೊಂಡ ರೀತಿ ಅಕ್ಷಮ್ಯ.

ಹೆಬ್ಬಾಳದ ಕಿಟ್ಟಯ್ಯನನ್ನೇ ನೋಡಿ. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ರಾಷ್ಟ್ರಕೂಟರ ದಾಳಿಗೆ ಎದುರು ನಿಂತು ಪ್ರಾಣ ಕೊಟ್ಟವನು. ನಗರದಲ್ಲಿ ಈವರೆಗೆ ಸಿಕ್ಕಿರುವ ಅತಿ ಹಳೆಯ ಶಾಸನಗಳಲ್ಲಿ ಅವನ ವೀರಗಲ್ಲೂ ಒಂದು. ಅದು ಬೆಳಕಿಗೆ ಬಂದದ್ದು 2018ರಲ್ಲಿ, ಚರಂಡಿ ಅಗೆಯುವಾಗ! ಊರಿನವರೂ ಶಾಸನಾಸಕ್ತರೂ ಮುತುವರ್ಜಿ ವಹಿಸಿದ್ದರಿಂದ ಅದಕ್ಕೊಂದು ಮಂಟಪ ದಕ್ಕಿತು. ಆ ಕಣ್ಣುಗಳು ಅಲ್ಲಿರದಿದ್ದರೆ?

ಬೇಗೂರಿನ ದೇಗುಲದ ಆವರಣದಲ್ಲಿರುವ, ಸುಮಾರು 900ರ ಕಲ್ಲು ಇನ್ನೂ ಮುಖ್ಯ. ನಾಗತ್ತರನೆಂಬ ಅಧಿಕಾರಿಯ ಮನೆಮಗನೊಬ್ಬ 'ಬೆಂಗಳೂರ ಕಾಳೆಗ'ದಲ್ಲಿ ಸತ್ತನೆಂದು ಅದು ಹೇಳುತ್ತದೆ. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದಕಾಳು ಕೊಟ್ಟು ಊರಿಗೆ ಹೆಸರು ಬಂತೆಂಬ ಕಥೆಗೆ ಮುನ್ನೂರು ವರ್ಷ ಮೊದಲೇ ಊರಿಗೆ ಈ ಹೆಸರಿತ್ತು. ಆದರೂ ಮಕ್ಕಳಿಗೆ ನಾವು ಹೇಳುವುದು ಬೆಂದಕಾಳಿನ ಕಥೆಯನ್ನೇ.

ಅಗರದ ಒಂಬತ್ತನೇ ಶತಮಾನದ ಶಾಸನದಲ್ಲಿ ಯುದ್ಧವಿಲ್ಲ. ಇರುಗಮಯ್ಯನ ಮಗ ಎರಡು ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆ ಕಟ್ಟಿಸಿ, ಅದಕ್ಕಾಗಿ ಬಿತ್ತುವಟ್ಟವೆಂಬ ದತ್ತಿ ಪಡೆದ. ನೀರು ಕೂಡಿಡುವುದನ್ನು ಸಾಧನೆಯೆಂದು ಬಗೆದು ಕಲ್ಲಿನಲ್ಲಿ ಬರೆಸಿದವರ ನೆಲದಲ್ಲಿ, ಕೆರೆ ಮುಚ್ಚಿ ಬಡಾವಣೆ ಎಬ್ಬಿಸಿದವರು ನಾವು.

ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲೇ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರು ಹಿಡಿದು ಪಟ್ಟಿ ಮಾಡಿಕೊಟ್ಟರು. ಗೊತ್ತಿರಲಿಲ್ಲ ಎಂಬ ನೆಪಕ್ಕೆ ಅಂದೇ ಜಾಗ ಹೋಯಿತು. ಅವರು ಕಂಡ ಕಲ್ಲುಗಳಲ್ಲಿ ಹಲವು ಇಂದು ಇದ್ದ ಜಾಗದಲ್ಲಿಲ್ಲ. ಉಳಿದವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ ಸಂಸ್ಥೆ ಮೂರು ಆಯಾಮದ ಸ್ಕ್ಯಾನ್ ಮಾಡಿ ದಾಖಲಿಸುತ್ತಿರುವುದು ಮೆಚ್ಚತಕ್ಕ ಕೆಲಸ. ಆದರೆ ಕಲ್ಲನ್ನು ಕಾಯಬೇಕಾದ್ದು ಸರ್ಕಾರ. 1961ರ ರಾಜ್ಯ ಸ್ಮಾರಕ ಕಾಯ್ದೆ ಕೈಯಲ್ಲಿದ್ದೂ ದಾರಿಬದಿಯ ವೀರಗಲ್ಲು ಅನಾಥವಾಗಿದ್ದರೆ, ಅದನ್ನು ಕರ್ತವ್ಯಲೋಪ ಎನ್ನದೆ ಬೇರೇನೆನ್ನಬೇಕು?

ರೈಸ್ ಪಟ್ಟಿಯನ್ನು ಹಿಡಿದು ಪುರಾತತ್ವ ಇಲಾಖೆ ಪ್ರತಿಯೊಂದು ಕಲ್ಲಿನ ಇಂದಿನ ಸ್ಥಿತಿಯನ್ನು ವಾರ್ಡ್‌ವಾರು ಪ್ರಕಟಿಸಲಿ. ಆ ಜಾಗಗಳಲ್ಲಿ ಗುದ್ದಲಿ ಹಾಕುವ ಮುನ್ನ ಇಲಾಖೆಯ ಒಪ್ಪಿಗೆ ಕಡ್ಡಾಯವಾಗಲಿ. ಕಲ್ಲು ಒಡೆದ ಗುತ್ತಿಗೆದಾರನ ಜೊತೆಗೆ, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಮೇಲೂ ಮೊಕದ್ದಮೆ ಹೂಡಲಿ.