‘ಹುಬ್ರಿಸ್ತೇಸ್’ ಶಬ್ದವೂ ‘ಅಹಂಕಾರಿ’ ಎಂಬ ಭಾಷಾಂತರವೂ

ಗ್ರೀಕ್ ಭಾಷೆಯ ‘ಹುಬ್ರಿಸ್’ ಎಂಬ ಶಬ್ದಕ್ಕೆ ‘ಅಹಂಕಾರ’ವೆಂದೂ, ಅದುಳ್ಳ ‘ಹುಬ್ರಿಸ್ತೇಸ್’ ಎಂಬವನಿಗೆ ‘ಅಹಂಕಾರಿ’ಯೆಂದೂ ಕನ್ನಡದಲ್ಲಿ ಅರ್ಥ ಬರೆಯುವ ಪದ್ಧತಿಯು ಬೇರೂರಿಬಿಟ್ಟಿದೆ. ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929), ‘ಪಾರಸಿಕರು’ (1935) ಎಂಬ ಕೃತಿಗಳಿಂದ ಗ್ರೀಕರ ರುದ್ರನಾಟಕಗಳ ರುಚಿಯು ಕನ್ನಡಿಗರಿಗೆ ಹತ್ತಿತು. ಇದು ಮಹೋಪಕಾರವೇ ಸರಿ. ಆದರೆ ಮೂಲವನ್ನು ನೋಡದೆ, ಇಂಗ್ಲಿಷ್ ವಿಮರ್ಶೆಗಳ ನೆರಳನ್ನೇ ನಂಬಿದ ಕೆಲವರು ಅಂದಿನಿಂದ ರನ್ನನ ದುರ್ಯೋಧನನಲ್ಲಿಯೂ ನಾಗಚಂದ್ರನ ರಾವಣನಲ್ಲಿಯೂ ‘ಹುಬ್ರಿಸ್’ ಎಂಬ ದೋಷವನ್ನು ಕಂಡುಹಿಡಿದು, ದೇವರ ಮುಂದೆ ತಲೆಯೆತ್ತಿದ ಗರ್ವವೇ ಅದೆಂದು ವ್ಯಾಖ್ಯಾನಿಸುತ್ತ ಬಂದಿದ್ದಾರೆ. ಈ ಅರ್ಥವು ಅರೆಯರ್ಥವು. ಬಿಟ್ಟುಹೋದ ಅರ್ಧವೇ ಮುಖ್ಯವಾದುದು.

ಅರಿಸ್ಟಾಟಲನು ವಾಗ್ಮಿತೆಯನ್ನು ಕುರಿತ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ಈ ಶಬ್ದಕ್ಕೆ ಲಕ್ಷಣವನ್ನು ಹೇಳಿದ್ದಾನೆ. ಅನುಭವಿಸಿದವನಿಗೆ ಲಜ್ಜೆಯುಂಟಾಗುವಂಥ ಮಾತನ್ನೋ ಕೃತ್ಯವನ್ನೋ, ತನಗೆ ಲಾಭವಿಲ್ಲದಿದ್ದರೂ, ಹಿಂದಿನ ಸೇಡೊಂದೂ ಇಲ್ಲದಿದ್ದರೂ, ಕೇವಲ ಅದರ ಸುಖಕ್ಕಾಗಿ ಮಾಡುವುದೇ ಹುಬ್ರಿಸ್ ಎಂಬುದು ಅವನ ಮತದ ಸಾರ. ಸೇಡು ತೀರಿಸಿಕೊಳ್ಳುವವನು ಹುಬ್ರಿಸ್ತೇಸ್ ಅಲ್ಲ, ಕದಿಯುವವನೂ ಅಲ್ಲ. ಮಳೆಗಾಲದಲ್ಲಿ ಮಂಡಗದ್ದೆಯ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ ನೀರುಕಾಗೆಗಳು ಗೂಡು ಕಟ್ಟುತ್ತವೆ. ಹಸಿದವನೊಬ್ಬನು ಮೊಟ್ಟೆಗಾಗಿ ಮರವೇರಿದರೆ ಅವನ ಪಾಪವು ಬೇರೆ. ದಂಡೆಯ ಮೇಲೆ ನಿಂತು ಗೂಡಿಗೆ ಕಲ್ಲೆಸೆದು ನಗುವವನ ಪಾಪವು ಬೇರೆ. (ಹಕ್ಕಿಗೆ ಲಜ್ಜೆಯಿಲ್ಲವಾದ್ದರಿಂದ ಈ ದೃಷ್ಟಾಂತವು ಪೂರ್ಣವಲ್ಲವೆಂದು ತಾರ್ಕಿಕರು ಹೇಳಿಯಾರು, ನಗುವಿನ ಅಂಶಕ್ಕಷ್ಟೇ ಅದು ಸಲ್ಲತಕ್ಕುದು.) ಅಥೆನ್ಸಿನಲ್ಲಿ ಈ ಅಪರಾಧಕ್ಕೆ ಪ್ರತ್ಯೇಕವಾದ ಶಾಸನವಿತ್ತು. ನೊಂದವನ ಪರವಾಗಿ ಪೌರರಲ್ಲಿ ಯಾರು ಬೇಕಾದರೂ ದಾವೆ ಹೂಡಬಹುದಾಗಿತ್ತು. ನೊಂದವನು ದಾಸನಾಗಿದ್ದರೂ ಶಾಸನವು ಅನ್ವಯಿಸುತ್ತಿತ್ತು. ನಾಟಕಶಾಲೆಯಲ್ಲಿ ಸರ್ವರೆದುರಿಗೆ ಮೈಡಿಯಾಸನಿಂದ ಕೆನ್ನೆಗೆ ಏಟು ತಿಂದ ಡೆಮಾಸ್ಥೆನೀಸನು, ನೋಯಿಸುವುದು ಏಟಲ್ಲ, ಅದರಲ್ಲಿರುವ ಅವಮಾನವು ಎಂದೇ ವಾದಿಸಿದನು. ಗರ್ವವು ಮೈಡಿಯಾಸನ ಎದೆಯೊಳಗೇ ಉಳಿದಿದ್ದರೆ ದಾವೆಯೇ ಹುಟ್ಟುತ್ತಿರಲಿಲ್ಲ.

ಇನ್ನು ಸತ್ಯವೇದದ ವಿಚಾರ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಅದು 1831ರಲ್ಲಿ ಕನ್ನಡದಲ್ಲಿ ಪೂರ್ಣವಾದಂದಿನಿಂದ ಭಾಷಾಂತರಕಾರರಿಗೆ ಈ ಶಬ್ದವು ಎದುರಾಗುತ್ತಲೇ ಇದೆ. ಹೊಸ ಒಡಂಬಡಿಕೆಯಲ್ಲಿ ‘ಹುಬ್ರಿಸ್ತೇಸ್’ ಎಂಬ ನಾಮಪದವು ಬರುವುದು ಎರಡೇ ಕಡೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 1ನೆಯ ಅಧ್ಯಾಯದ 30ನೆಯ ವಾಕ್ಯದಲ್ಲಿ ಅದು ಗರ್ವಿಷ್ಠ, ಬಡಾಯಿಗಾರ ಎಂಬರ್ಥದ ಬೇರೆ ಎರಡು ಶಬ್ದಗಳೊಡನೆ ಸಾಲಾಗಿ ನಿಂತಿದೆ. ಹುಬ್ರಿಸ್ತೇಸನೂ ಅಹಂಕಾರಿಯೇ ಆದರೆ ಪಕ್ಕದ ಶಬ್ದಕ್ಕೆ ಉಳಿಯುವ ಅರ್ಥವೇನು? ಪುನರುಕ್ತಿದೋಷವನ್ನು ಮೂಲಕಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಡಾಯಿಯು ಮಾತಿನಲ್ಲಿ, ಗರ್ವವು ಮನಸ್ಸಿನಲ್ಲಿ, ಹುಬ್ರಿಸ್ ಪರರ ಮೇಲಣ ಕೃತಿಯಲ್ಲಿ ಎಂದು ವಿಭಾಗಿಸಿದರೆ ಮೂರೂ ಸಾರ್ಥಕವಾಗುವುವು. ಎರಡನೆಯದು ಪೌಲನ ಹೆಸರಿನಲ್ಲಿರುವ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ. ಅಲ್ಲಿ ಲೇಖಕನು ತನ್ನ ಪೂರ್ವಾಶ್ರಮವನ್ನು ನೆನೆದು ತಾನೇ ಹುಬ್ರಿಸ್ತೇಸ್ ಆಗಿದ್ದೆನೆನ್ನುತ್ತಾನೆ. ಆ ಪೂರ್ವಚರಿತ್ರೆಯು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿದೆ: ಮನೆಮನೆಗೂ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಎಳೆದುಕೊಂಡು ಹೋಗಿ ಸೆರೆಗೆ ಹಾಕಿಸಿದವನು ಅವನು. ಲತೀನ್ ಭಾಷಾಂತರವು ಎರಡೆಡೆಯಲ್ಲಿಯೂ ಅವಮಾನಿಸುವವನೆಂಬ ಒಂದೇ ಶಬ್ದವನ್ನಿಟ್ಟು ಎಚ್ಚರಿಕೆಯನ್ನು ತೋರಿತು; 1611ರ ಇಂಗ್ಲಿಷ್ ಭಾಷಾಂತರವು ಎರಡು ಬೇರೆ ಶಬ್ದಗಳನ್ನಿಟ್ಟು ಮೂಲದ ಐಕ್ಯವನ್ನು ಮರೆಸಿತು.

ವ್ಯಾಕರಣವೂ ಇದಕ್ಕೆ ಸಾಕ್ಷಿ. ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಪೌಲನು ಫಿಲಿಪ್ಪಿಯಲ್ಲಿ ತನಗಾದುದನ್ನು ಇದೇ ಧಾತುವಿನ ಕರ್ಮಣಿ ರೂಪದಿಂದ ಹೇಳಿದ್ದಾನೆ. ವಿಚಾರಣೆಯಿಲ್ಲದೆ ಬಹಿರಂಗವಾಗಿ ಅವನನ್ನು ಬೆತ್ತಗಳಿಂದ ಹೊಡೆಸಿದ್ದರು. ಅಹಂಕಾರಕ್ಕೆ ಕರ್ಮಪದವೆಲ್ಲಿದೆ? ‘ಅಹಂಕರಿಸಲ್ಪಟ್ಟೆನು’ ಎಂದು ಯಾವ ಬಾಲಕನೂ ಬರೆಯಲಾರನು.

ಸಂಸ್ಕೃತದಲ್ಲಿ ಇದಕ್ಕೆ ಸಮನಾದ ಧಾತುವು ಇಲ್ಲದಿಲ್ಲ. ಅದು ‘ಧೃಷ್’. ಪಾಣಿನಿಯು ಏಳನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ನಿರ್ಲಜ್ಜತೆಯ ಅರ್ಥದಲ್ಲಿ ಮಾತ್ರ ‘ಧೃಷ್ಟ’ವೆಂಬ ರೂಪವನ್ನು ವಿಧಿಸಿರುವನು; ಬೇರೆ ಅರ್ಥದಲ್ಲಿ ‘ಧರ್ಷಿತ’ವೆಂದಾಗುವುದು. ಒಂದೇ ಧಾತುವಿನಿಂದ ಮಾಡಿದವನೂ ಮಾನಭಂಗಕ್ಕೊಳಗಾದವನೂ ಇಬ್ಬರೂ ದೊರೆಯುವರು. ಗ್ರೀಕ್ ಶಬ್ದಕ್ಕೆ ಬೇಕಾದುದು ಇದೇ. ‘ಧೃಷ್ಟ’ವು ಆಲಂಕಾರಿಕರ ಕೈಯಲ್ಲಿ ನಾಚಿಕೆಗೆಟ್ಟ ನಾಯಕನಿಗೆ ಮೀಸಲಾಗಿ ಸವೆದಿರುವುದರಿಂದ, ‘ಧರ್ಷಕ’ವೆಂಬುದನ್ನು ಹಿಡಿಯುವುದು ಮೇಲು.

‘ಸೊಕ್ಕು’ ಎಂಬ ಅಚ್ಚಗನ್ನಡವು ಸಾಲದೆ, ಎಂದು ಕೆಲವರು ಕೇಳುತ್ತಾರೆ. ಅದು ತಕ್ಕ ಪ್ರಶ್ನೆಯೇ. ಗೊಬ್ಬರ ಹೆಚ್ಚಾಗಿ ಬರಿಯ ಎಲೆಯಾಗಿ ಬೆಳೆದ ಪೈರನ್ನು ಮಲೆನಾಡಿನ ಗದ್ದೆಗಳಲ್ಲಿ ‘ಸೊಕ್ಕಿದೆ’ ಎನ್ನುವರು. ಗ್ರೀಕರೂ ಫಲಕೊಡದೆ ಕೊಬ್ಬಿದ ಗಿಡಕ್ಕೂ, ಮೇವು ಹೆಚ್ಚಾದ ಕತ್ತೆಗೂ ಇದೇ ಹುಬ್ರಿಸ್ ಶಬ್ದವನ್ನು ಬಳಸಿದರು. ಈ ಹೋಲಿಕೆಯು ಚೆಲುವಾಗಿದೆ. ಆದರೆ ಸೊಕ್ಕುವುದು ಅಕರ್ಮಕವು.

ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ ಹೀಬ್ರೂವಿನ ‘ಗರ್ವಿಷ್ಠ’ನಿಗೆ ಈ ಶಬ್ದವನ್ನೇ ಇಟ್ಟಿದೆಯಲ್ಲ ಎಂಬುದು ಪ್ರತಿಪಕ್ಷದವರ ಬಲವಾದ ಆಧಾರ. ಅವರು ಜ್ಞಾನೋಕ್ತಿಗಳ 15ನೆಯ ಅಧ್ಯಾಯದ 25ನೆಯ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸದೆ ಓದಬೇಕು. ದೇವರು ಅಂಥವರ ಮನೆಯನ್ನು ಕೆಡವಿ ನಿಲ್ಲಿಸುವುದು ವಿಧವೆಯ ಗಡಿಕಲ್ಲನ್ನು! ಗರ್ವದ ಎದುರಿಗೆ ಅಲ್ಲಿಯೂ ಒಬ್ಬ ನೊಂದವಳಿದ್ದಾಳೆ.

ಇದು ಬರಿಯ ಶಬ್ದಜಗಳವಲ್ಲ. ‘ಅಹಂಕಾರಿ’ ಎಂದೊಡನೆ ದೋಷವು ಮಾಡಿದವನ ಆತ್ಮದೊಳಗಿನ ರೋಗವಾಗುವುದು. ಅವನು ದೇವರ ಮುಂದೆ ಪಶ್ಚಾತ್ತಾಪಪಟ್ಟರೆ ತೀರಿತು, ನೊಂದವರನ್ನು ಕೇಳುವವರಿಲ್ಲ. ರನ್ನನ ದುರ್ಯೋಧನನು ಛಲದಂಕಮಲ್ಲನೆಂದು ಕೊಂಡಾಡುವ ವಿಮರ್ಶಕರು ದ್ಯೂತಸಭೆಯನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದು ಇದರಿಂದಲೇ. ದ್ರೌಪದಿಯನ್ನು ಮುಡಿ ಹಿಡಿದೆಳೆಯಿಸಿ, ತೊಡೆ ತೋರಿಸಿ ನಕ್ಕುದು ಅಹಂಕಾರವೇ? ಗೆದ್ದ ರಾಜ್ಯಕ್ಕೆ ಅದರಿಂದ ಒಂದು ಅಂಗುಲವೂ ಕೂಡಲಿಲ್ಲ. ಪರಿಶಿಷ್ಟ ಜಾತಿ ಪಂಗಡಗಳ ಮೇಲಣ ದೌರ್ಜನ್ಯವನ್ನು ತಡೆಯಲು 1989ರಲ್ಲಿ ಭಾರತದಲ್ಲಿ ಆದ ಶಾಸನವೂ, ಹತ್ತು ಜನರ ಕಣ್ಣೆದುರಿನಲ್ಲಿ ಹೀನಾಯಗೊಳಿಸಲೆಂದೇ ಮಾಡಿದ ಅವಮಾನವನ್ನು ಪ್ರತ್ಯೇಕ ಅಪರಾಧವೆಂದಿತು. ಮಾಡಿದವನ ಮನೋರೋಗವನ್ನಲ್ಲ, ಅನುಭವಿಸಿದವನ ಮಾನವನ್ನು ಅದು ಎಣಿಸಿತು. ಹಳ್ಳಿಯ ಜಗಲಿಯ ಕೆಳಗೆ ಕೈಕಟ್ಟಿ ನಿಂತವನಿಗೆ ಯಜಮಾನನ ‘ಅಹಂಕಾರ’ವು ತಿಳಿಯದು, ತನಗೆ ಆದದ್ದು ತಿಳಿಯುವುದು.

‘ಧರ್ಷಕ’ ಎಂಬುದು ಕಿವಿಗೆ ಒರಟು, ಹೊಸದು ಎಂಬ ಆಕ್ಷೇಪವೊಂದು ಉಳಿದಿದೆ. ಬಳಸಿದರೆ ಹಳತಾಗುವುದು. ಅಚ್ಚಿನ ಮನೆಯವರು ಅದನ್ನು ‘ಘರ್ಷಕ’ವೆಂದು ಜೋಡಿಸದಂತೆ ಕರಡು ತಿದ್ದುವವರು ಮಾತ್ರ ನೋಡಿಕೊಳ್ಳಬೇಕು.